‘ಮಿಷನ್ ಕಾಲ ಮುಗಿದರೂ’ ಎಂಬ ಮಾತಿನ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜುಲೈ 1ರ ಪತ್ರಿಕಾ ದಿನಾಚರಣೆಗೆ ನೀವು ಪ್ರಕಟಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗರ ಕುರಿತ ಲೇಖನವನ್ನು ಎರಡು ಸಲ ಓದಿದೆ. 1843ರಲ್ಲಿ ಮಂಗಳೂರಿನ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು, ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದದ್ದು, ಎಲ್ಲವನ್ನೂ ಲೇಖಕರು ಪ್ರೀತಿಯಿಂದ ಬರೆದಿದ್ದಾರೆ. ನನ್ನ ತಕರಾರು ಇರುವುದು ಕೊನೆಯ ಸಾಲಿನ ಒಂದು ಪದಕ್ಕೆ. ‘ಮಿಷನ್ ಕಾಲ ಮುಗಿದರೂ ಅವರು ಬಿಟ್ಟುಹೋದ ಅಚ್ಚುಮೊಳೆ ಕನ್ನಡಕ್ಕೆ ಉಳಿಯಿತು’ ಎಂದಿದೆ. ಆ ‘ಮುಗಿದರೂ’ ಮೂರು ದಿನ ನನ್ನನ್ನು ಬಿಡಲಿಲ್ಲ. ನನಗೀಗ ಎಪ್ಪತ್ತೊಂದು. ಮೂವತ್ತಾರು ವರ್ಷ ನರ್ಸ್ ಆಗಿ ದುಡಿದವಳು. ಮಿಷನ್ ಮುಗಿಯಿತು ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರು ಕೇಳಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಜೆಪ್ಪುವಿನಲ್ಲಿ. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಮಿಷನರಿ ಶುರುಮಾಡಿದ ಕಾರ್ಖಾನೆ ಅದು. ಊರೂರಿಗೆ ಹೋದ ಮಂಗಳೂರು ಹೆಂಚಿನ ಮೂಲ ಅಲ್ಲಿದೆ. ಅದು ಬರೀ ವ್ಯಾಪಾರಕ್ಕೆಂದು ಹುಟ್ಟಿದ್ದಲ್ಲ. ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದವರನ್ನು ಮನೆಯವರು ಹೊರಗಿಡುತ್ತಿದ್ದರು. ಕುಲಕಸುಬು ಕೈತಪ್ಪುತ್ತಿತ್ತು, ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಗುತ್ತಿತ್ತು. ಅಂಥವರ ಒಲೆ ಹೊತ್ತಬೇಕಲ್ಲ? ಅದಕ್ಕೇ ಮೊದಲು ನೇಯ್ಗೆ, ಆಮೇಲೆ ಹೆಂಚು. ಅಜ್ಜನ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಜೇಡಿ ಸೇರಿಕೊಂಡಿರುತ್ತಿತ್ತು. ಶನಿವಾರ ಸಂಜೆ ಬಾವಿಕಟ್ಟೆಯಲ್ಲಿ ಕೂತು ತೆಂಗಿನ ನಾರಿನಿಂದ ಎಷ್ಟು ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಭಾನುವಾರ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅವರು ಮೊಣಕಾಲೂರಿದಾಗ ಹಿಂದೆ ಕೂತ ನನಗೆ ಕಾಣಿಸುತ್ತಿದ್ದುದು ಅವರ ಎರಡು ಅಂಗಾಲುಗಳು, ಅದರಲ್ಲಿ ಗೀಟು ಎಳೆದ ಹಾಗೆ ಕೆಂಪು. ಪಕ್ಕದಲ್ಲಿ ಮೊಣಕಾಲೂರಿದ ವಕೀಲರ ಅಂಗಾಲು ಬಿಳಿ. ಇಬ್ಬರಿಗೂ ಒಂದೇ ಪಾತ್ರೆ. ಸಂಡೇಸ್ಕೂಲಿನಲ್ಲಿ ಕಲಿತ ಬಾಯಿಪಾಠಗಳಲ್ಲಿ ಎಷ್ಟೋ ಮರೆತಿವೆ, ಇದು ಮರೆತಿಲ್ಲ.

ಅಜ್ಜ ಹೇಳುತ್ತಿದ್ದ ಒಂದು ಸಂಗತಿ ಇದೆ. 1914ರಲ್ಲಿ ಯುದ್ಧ ಶುರುವಾದಾಗ ಅವರಿಗೆ ಹದಿನೆಂಟೋ ಹತ್ತೊಂಬತ್ತೋ. ಜರ್ಮನ್ ಪಾದ್ರಿ ಅಯ್ಯನವರನ್ನೆಲ್ಲ ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಹಿಡಿಯಿತು, ಎಷ್ಟೋ ಜನರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟಿತು. ಕಾರ್ಖಾನೆಗಳು ಬೇರೆ ಕಂಪನಿಯ ಕೈಗೆ ಹೋದವು. ‘ಮಿಷನ್ ಮುಗಿಂಡ್’ ಎಂದು ಪೇಟೆಯಲ್ಲಿ ಜನ ಮುಖದೆದುರೇ ಹೇಳುತ್ತಿದ್ದರಂತೆ. ಆದರೆ ಭಾನುವಾರ ಗಂಟೆ ನಿಲ್ಲಲಿಲ್ಲ. ಊರಿನ ಉಪದೇಶಿಗಳೇ ಆರಾಧನೆ ನಡೆಸಿದರು, ಕಾಯಿಲೆಯವರನ್ನು ನೋಡಿದರು, ಸತ್ತವರನ್ನು ಮಣ್ಣುಮಾಡಿದರು. ಅಜ್ಜಿಯ ಅಕ್ಕ ಒಬ್ಬರಿದ್ದರು. ಕೈಯಲ್ಲಿ ಕೊಡೆ, ಚೀಲದಲ್ಲಿ ಸತ್ಯವೇದ (ಬೈಬಲ್), ಸ್ಲೇಟು. ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ಬೈಬಲ್ ಹೆಂಗಸರಲ್ಲಿ ಅವರೂ ಒಬ್ಬರು. ಯುದ್ಧದ ವರ್ಷಗಳಲ್ಲಿ ಸಂಬಳ ಸರಿಯಾಗಿ ಬಾರದಿದ್ದರೂ ಒಂದು ದಿನ ಮನೆಯಲ್ಲಿ ಕೂರಲಿಲ್ಲವಂತೆ. 1947ರಲ್ಲಿ ನಮ್ಮ ಸಭೆಗಳು, ಅಂದರೆ ಚರ್ಚುಗಳು, ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಸೇರಿದಾಗಲೂ ಇನ್ನೇನು ಮಿಷನ್ ಮುಗಿಯಿತೆಂದು ಮುದುಕರು ಕೆಲವರು ಅತ್ತರಂತೆ. ಮೂರನೆಯ ಸಲ ಅದನ್ನು ಈಗ ನಿಮ್ಮ ಪುರವಣಿಯಲ್ಲಿ ಓದಿದೆ.

ನನ್ನ ಪಾಲಿಗೆ ಮಿಷನ್ ಶುರುವಾದದ್ದು 1975ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ. ತರಬೇತಿ ಮುಗಿದ ಕೂಡಲೇ ಧಾರವಾಡದ ಆಚೆಯ ಬಯಲುಸೀಮೆಯ ಒಂದು ಮಿಷನ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯವರ ಬಾಯಲ್ಲಿ ಅದು ‘ಮಿಷನ್ ದವಾಖಾನಿ’. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ತಿಂದು ಬೆಳೆದವಳಿಗೆ ಮೊದಲ ತಿಂಗಳು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮಾತು ಇನ್ನೂ ಕಷ್ಟ. ನಾನು ಪುಸ್ತಕದ ಕನ್ನಡದಲ್ಲಿ ‘ನೋವು ಎಲ್ಲಿದೆ?’ ಎಂದರೆ ಅವರು ‘ಜೀವಕ್ಕ ಸಮಾಧಾನ ಇಲ್ರೀ’ ಎನ್ನುತ್ತಿದ್ದರು. ಅದನ್ನು ಕೇಸ್ ಶೀಟಿನಲ್ಲಿ ಯಾವ ಕಾಯಿಲೆಯೆಂದು ಬರೆಯುವುದು?

ಆದರೆ ಉತ್ಸಾಹ ಇತ್ತು. ದೇವರು ನನ್ನನ್ನು ಕರೆದಿದ್ದಾನೆ, ನಾನು ನನ್ನ ನಂಬಿಕೆಯ ಸಾಕ್ಷಿ ಹೇಳಬೇಕು ಎಂಬ ಹುರುಪು. ಆ ಹುರುಪಿನಲ್ಲಿ ಮಾಡಿದ ಒಂದು ತಪ್ಪನ್ನು ಇವತ್ತಿಗೂ ಮರೆತಿಲ್ಲ. ಪುರುಷರ ವಾರ್ಡಿನ ಮೂಲೆಯ ಮಂಚದಲ್ಲಿ ಒಬ್ಬ ಮುದಿ ರೈತ. ಬಾಯಿಯ ಕ್ಯಾನ್ಸರ್, ಕೆನ್ನೆ ತೂತು ಬಿದ್ದಿತ್ತು. ಇನ್ನೆರಡು ದಿನ ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಪಾಳಿಯಲ್ಲಿ ನಾನು ಅವನ ಪಕ್ಕದಲ್ಲಿ ಕೂತು ನಿತ್ಯಜೀವದ ಬಗ್ಗೆ ಮೆಲ್ಲಗೆ ಹೇಳತೊಡಗಿದೆ. ಅವನು ಕೈಯೆತ್ತಿ ಏನೋ ಸನ್ನೆ ಮಾಡುತ್ತಿದ್ದ. ಹೇಳಿದ್ದನ್ನು ಒಪ್ಪುತ್ತಿದ್ದಾನೆ ಎಂದುಕೊಂಡೆ, ಇನ್ನಷ್ಟು ಹೇಳಿದೆ. ಆಗ ವಾರ್ಡಿನ ಆಯಾ ಬಂದಳು. ಐವತ್ತು ದಾಟಿದ ಹೆಂಗಸು, ಓದುಬರಹ ಇಲ್ಲ, ಸಭೆಯಲ್ಲಿ ಯಾವತ್ತೂ ಕೊನೆಯ ಸಾಲು. ನನ್ನನ್ನು ಬೈಯಲಿಲ್ಲ. ಒಂದು ಬಟ್ಟಲು ನೀರು, ಒಂದು ತುಂಡು ಹತ್ತಿ ತಂದಳು. ಹತ್ತಿಯನ್ನು ಅದ್ದಿ ಹಿಂಡಿ ಅವನ ತುಟಿಗೆ, ನಾಲಗೆಯ ಅಂಚಿಗೆ ಒತ್ತಿದಳು. ಅವನು ಅದನ್ನು ಕೂಸಿನ ಹಾಗೆ ಚೀಪಿದ. ‘ಯವ್ವಾ ಸಿಸ್ಟರ, ಮೊದ್ಲ ಬಾಯಿ ಹಸಿ ಮಾಡ್ರಿ. ಮಾತು ಆಮ್ಯಾಲ’ ಎಂದಳು. ಅವನು ಅಷ್ಟು ಹೊತ್ತು ಕೇಳುತ್ತಿದ್ದುದು ನೀರು. ಮರುದಿನ ಮಧ್ಯಾಹ್ನ ತೀರಿಕೊಂಡ.

ಆ ಆಯಾ ನನಗೆ ಕಲಿಸಿದಷ್ಟು ಯಾವ ದೈವಶಾಸ್ತ್ರದವರೂ ಕಲಿಸಿಲ್ಲ. ಅವಳ ಹೆಸರು ಯಾವ ವರದಿಯಲ್ಲೂ ಇರಲಾರದು. ಬಾಸೆಲ್‌ನಲ್ಲಿರುವ ಮಿಷನ್ ದಫ್ತರದಲ್ಲಿ ನಮ್ಮ ಕಡೆಯ ಹಳೆಯ ಛಾಯಾಚಿತ್ರಗಳು ರಾಶಿ ಇವೆ. ಅವುಗಳಲ್ಲಿ ಎಷ್ಟೋ ಚಿತ್ರಗಳಲ್ಲಿ ಪಾದ್ರಿಯ ಹೆಸರಿರುತ್ತದೆ, ಪಕ್ಕದಲ್ಲಿ ನಿಂತ ಹೆಂಗಸರಿಗೆ ಹೆಸರಿರುವುದಿಲ್ಲ. ಇದನ್ನು ಮೋಗ್ಲಿಂಗ್, ಕಿಟೆಲರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಕಿಟೆಲ್ ಆರೋಗ್ಯ ಕೆಟ್ಟು ಊರಿಗೆ ಹೋಗಿ, ಕನ್ನಡ ನಿಘಂಟಿಗಾಗಿ ಮತ್ತೆ ಸಮುದ್ರ ದಾಟಿ ಬಂದವರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಅಂಥ ಹಟ ನನಗೂ ಬೇಕು ಎನ್ನಿಸುತ್ತದೆ. ಆದರೆ ಆಯಾಗಳು, ಕಂಪೌಂಡರುಗಳು, ಬೈಬಲ್ ಹೆಂಗಸರು ಗೊತ್ತಿದ್ದ ನಾವೂ ಇನ್ನು ಹೆಚ್ಚು ವರ್ಷ ಇರುವವರಲ್ಲ. ಯಾರಾದರೂ ಬಂದು ಕೇಳಿ ಬರೆದಿಟ್ಟುಕೊಂಡರೆ ಒಳ್ಳೆಯದು. ನಿಮ್ಮ ಪತ್ರಿಕೆಯೇ ಯಾಕೆ ಮಾಡಬಾರದು?

ಅದೇ ಊರಿನಲ್ಲಿ ಮದುವೆಯಾಯಿತು. ಅವರು ಶಾಲೆಯ ಮಾಸ್ತರರು. ಎರಡು ಮಕ್ಕಳು. ಇಪ್ಪತ್ತು ವರ್ಷ ಹೋದದ್ದೇ ತಿಳಿಯಲಿಲ್ಲ. 1996ರ ಒಂದು ಬೆಳಿಗ್ಗೆ ಅವರು ಶಾಲೆಗೆ ಹೊರಟವರು ಬಾಗಿಲಲ್ಲೇ ಕುಸಿದರು. ಸಾವಿರ ಹೆಣ ಕಂಡವಳು ನಾನು, ಅವರ ನಾಡಿ ಹಿಡಿದು ಕೂತವಳಿಗೆ ಎಣಿಸಲು ಬರಲಿಲ್ಲ.

ಆಮೇಲಿನ ಒಂದು ವರ್ಷವನ್ನು ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ದೇವಾಲಯಕ್ಕೆ ಹೋಗುತ್ತಿದ್ದೆ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಬಾಯಿ ತೆರೆದು ಒಂದು ಆರಾಧನಾ ಸಂಗೀತ ಹಾಡಲಾಗಲಿಲ್ಲ. ‘ದೇವರ ಚಿತ್ತ’ ಎಂದು ಬಂದವರ ಮುಖಕ್ಕೆ ಬಾಗಿಲು ಹಾಕಬೇಕೆನ್ನಿಸುತ್ತಿತ್ತು. ಸತ್ಯವೇದದ ಕೀರ್ತನೆಗಳ ಪೈಕಿ 88ನೆಯದನ್ನು ಮಾತ್ರ ಓದುತ್ತಿದ್ದೆ. ಉಳಿದ ಎಷ್ಟೋ ಕೀರ್ತನೆಗಳು ಗೋಳಿನಲ್ಲಿ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ ಎಂಬುದೊಂದೇ ಆ ವರ್ಷ ನನ್ನನ್ನು ದೇವರ ಹತ್ತಿರ ಹಿಡಿದಿಟ್ಟದ್ದು. ಮುಪ್ಪಾಗಿದ್ದ ಆ ಆಯಾ ಆಗಲೂ ಬರುತ್ತಿದ್ದಳು. ಪ್ರಾರ್ಥನೆ ಮಾಡುತ್ತಿರಲಿಲ್ಲ, ಸಮಾಧಾನ ಹೇಳುತ್ತಿರಲಿಲ್ಲ. ಒಲೆ ಹೊತ್ತಿಸಿ, ಚಾ ಕಾಯಿಸಿ, ನನ್ನೆದುರು ಇಟ್ಟು, ಕುಡಿಯುವ ತನಕ ಕೂತು, ಲೋಟ ತೊಳೆದು ಹೋಗುತ್ತಿದ್ದಳು. ಬಾಯಿ ಹಸಿ ಮಾಡುವ ಕೆಲಸವೇ ಅದು.

2011ರಲ್ಲಿ ನಿವೃತ್ತಳಾಗಿ ಮಂಗಳೂರಿಗೆ ವಾಪಸಾದೆ. ಮಗ ಮಸ್ಕತ್, ಮಗಳು ಬೆಂಗಳೂರು. ಬಲ್ಮಠದ ಬಾಡಿಗೆ ಮನೆಯಲ್ಲಿ ಒಬ್ಬಳೇ. ಎದ್ದರೆ ಪಾಳಿ ಇಲ್ಲ, ಯೂನಿಫಾರಂ ಇಲ್ಲ, ಯಾರೂ ‘ಸಿಸ್ಟರ್’ ಎನ್ನುವುದಿಲ್ಲ. ನನ್ನ ಮಿಷನ್ ಮುಗಿಯಿತು ಎಂದು ನಾನೇ ಹೇಳಿಕೊಂಡೆ. ಈ ಮಾತು ನಮ್ಮೊಳಗಿನಿಂದಲೂ ಬರುತ್ತದೆ. ನಿಮ್ಮ ಲೇಖಕರನ್ನು ನಾನು ದೂರುವುದು ಹೇಗೆ?

ಆಗ ಪರಿಚಯದ ಡಾಕ್ಟರೊಬ್ಬರು, ಗುಣವಾಗದ ಕಾಯಿಲೆಯವರನ್ನು ಮನೆಗೇ ಹೋಗಿ ನೋಡುವ ತಂಡಕ್ಕೆ ಕರೆದರು. ಉಪಶಾಮಕ ಆರೈಕೆ ಎನ್ನುತ್ತಾರೆ. ಅದರ ತರಬೇತಿಯಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲಿಷ್ ಹೆಂಗಸಿನ ಕಥೆ ಕೇಳಿದೆ. ನರ್ಸ್ ಆಗಿದ್ದವರು ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆಯಾದರು. ಸಾಯುವವರ ನೋವಿಗೆ ಯಾರೂ ಸರಿಯಾಗಿ ಮದ್ದು ಕೊಡುತ್ತಿಲ್ಲ ಎಂದು ಕಂಡು, ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾಯುವವರ ಆರೈಕೆಯ ಮನೆ ತೆರೆದರು. ಕ್ರಿಸ್ತನನ್ನು ನಂಬಿದವರು. ಒಂದು ಬಾಗಿಲು ಮುಚ್ಚಿದಾಗಲೆಲ್ಲ ಅದೇ ರೋಗಿಯ ಹತ್ತಿರಕ್ಕೆ ಇನ್ನೊಂದು ದಾರಿಯಿಂದ ಬಂದರು. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಕೆಲಸದ ಬಗ್ಗೆ ನಿಮ್ಮ ಓದುಗರಿಗೆ ಒಂದೆರಡು ವಿಷಯ ಗೊತ್ತಿರಬೇಕು. ಮಾರ್ಫಿನ್ ಎಂದರೆ ಮನೆಯವರು ಬೆಚ್ಚುತ್ತಾರೆ, ಚಟವಾಗುತ್ತದೆ, ಅಥವಾ ಅದನ್ನು ಕೊಟ್ಟರೆ ಕಥೆ ಮುಗಿಯಿತು ಎಂದು. ಹಾಗಲ್ಲ. ಕ್ಯಾನ್ಸರಿನ ಕಡು ನೋವಿಗೆ ಡಾಕ್ಟರು ಅಳೆದು ಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಮನುಷ್ಯ ಎದ್ದು ಕೂತು ಮೊಮ್ಮಕ್ಕಳೊಡನೆ ಮಾತಾಡುತ್ತಾನೆ. ಮೊದಲೆಲ್ಲ ಅದನ್ನು ತರಿಸಲು ಪರವಾನಗಿಯ ಮೇಲೆ ಪರವಾನಗಿ ಬೇಕಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಸ್ವಲ್ಪ ಸುಲಭ ಮಾಡಿದ್ದಾರೆ. ಇನ್ನೊಂದು, ಹಾಸಿಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಒಣಗಿಸಿ ಇಟ್ಟರೆ ಬಹಳಷ್ಟು ಮಟ್ಟಿಗೆ ಅದು ಆಗುವುದೇ ಇಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಎರಡು ಗಂಟೆಗೊಮ್ಮೆ ಯಾರು? ನಮ್ಮ ತಲಪಾಡಿ ಗಡಿಯ ಆಚೆ ಕೇರಳದಲ್ಲಿ ನೆರೆಹೊರೆಯವರೇ ತಂಡ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿಯ ಸರ್ಕಾರವೂ 2008ರಲ್ಲೇ ಇದಕ್ಕೊಂದು ನೀತಿ ಮಾಡಿ ಪಂಚಾಯತ್‌ಗಳನ್ನು ಜೋಡಿಸಿಕೊಂಡಿದೆ. ಆಚೆಯ ಮಂಜೇಶ್ವರದಲ್ಲಿ ಆಗುವುದು ಈಚೆಯ ಉಳ್ಳಾಲದಲ್ಲಿ ಯಾಕೆ ಆಗುವುದಿಲ್ಲ?

ಇನ್ನು, ನೀವೂ ನಿಮ್ಮ ಓದುಗರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದಾದ ಪ್ರಶ್ನೆಗೆ ಬರುತ್ತೇನೆ. ಮಿಷನ್ ಎಂದರೆ ಮತಾಂತರ ತಾನೆ? ಹೋದ ವರ್ಷ ಒಂದು ಮನೆಗೆ ಹೋದೆ. ಪಾರ್ಶ್ವವಾಯು ಬಡಿದು ಮಲಗಿದ ಎಂಬತ್ತರ ಅಜ್ಜಿ, ಸೊಂಟದಲ್ಲಿ ಅಂಗೈ ಅಗಲದ ಹುಣ್ಣು. ಬಾಗಿಲಲ್ಲೇ ಮಗ ತಡೆದು, ‘ಮೇಡಂ, ತಪ್ಪು ತಿಳಿಯಬೇಡಿ. ನೀವು ಕ್ರಿಶ್ಚಿಯನ್ನರು ಅಂತ ಗೊತ್ತಾಯ್ತು. ಪ್ರಾರ್ಥನೆ ಅದು ಇದು ಬೇಡ’ ಎಂದರು. ‘ಆಗಲಿ, ಬಿಸಿನೀರು ಕೊಡಿ’ ಎಂದೆ. ಸಿಟ್ಟು ಬರಲಿಲ್ಲ. ಅವರ ಅಮ್ಮ ಏಳಲಾರದೆ ಮಲಗಿದ್ದಾರೆ. ಏಳಲಾಗದವರ ಮುಂದೆ ಕೂತು ನಮ್ಮ ಮಾತು ಹೇರುವುದು ತಪ್ಪೆಂದು ನನಗೆ ಒಬ್ಬ ರೈತನ ಒಣಗಿದ ತುಟಿ ಬಹಳ ಹಿಂದೆಯೇ ಹೇಳಿಕೊಟ್ಟಿತ್ತು.

ನಾಲ್ಕಾರು ವಾರ ಕಳೆದ ಮೇಲೆ ಅಜ್ಜಿ ತಲೆದಿಂಬಿನ ಕಡೆ ಕಣ್ಣು ತೋರಿಸಿದರು. ಅಡಿಯಲ್ಲಿ ದಾಸರ ಪದಗಳ ಒಂದು ಹಳೆಯ ಪುಸ್ತಕ, ರಟ್ಟು ಕಿತ್ತು ಹೋದದ್ದು. ಓದು ಎಂದು ಸನ್ನೆ. ನನಗೆ ರಾಗ ಬರುವುದಿಲ್ಲ, ಮೆಲ್ಲಗೆ ಓದಿದೆ. ಚಲಿಸುವ ಎಡಗೈಯ ಒಂದು ಬೆರಳಿನಿಂದ ಅವರು ಹೊದಿಕೆಯ ಮೇಲೆ ತಾಳ ಹಾಕುತ್ತಾ ಹೋದರು, ನಾನು ತಪ್ಪಿದಲ್ಲಿ ಬೆರಳು ನಿಲ್ಲಿಸಿ ಕಾದರು. ಆಮೇಲೆ ಪ್ರತಿ ಸಲವೂ ಡ್ರೆಸ್ಸಿಂಗ್ ಆದ ಮೇಲೆ ಎರಡು ಪದ. ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಹಾಕಿಸಿದ್ದನ್ನು ನಿಮ್ಮ ಲೇಖನದಲ್ಲಿ ಓದುವಾಗ ಆ ಬೆರಳು ನೆನಪಾಯಿತು. ಅಜ್ಜಿ ಈಗಿಲ್ಲ.

ನಾನು ನನ್ನ ನಂಬಿಕೆಯನ್ನು ಮುಚ್ಚಿಡುವವಳಲ್ಲ. ಯಾಕೆ ಬರುತ್ತೀರಿ ಎಂದು ಯಾರಾದರೂ ಕೇಳಿದರೆ ಯೇಸುವಿನ ಹೆಸರು ಹೇಳುತ್ತೇನೆ. ಕೇಳಿದ್ದಾರೆ, ಹೇಳಿದ್ದೇನೆ. ಶಿಷ್ಯರ ಕಾಲು ತೊಳೆದವನನ್ನು ನಾನು ಹಿಂಬಾಲಿಸುವುದು. ತೊಳೆದದ್ದಕ್ಕೆ ಅವನು ಯಾರಿಂದಲೂ ಏನನ್ನೂ ಬರೆಸಿಕೊಳ್ಳಲಿಲ್ಲ.

ನಮ್ಮ ಸಭೆಯವರಿಗೂ ಒಂದು ಮಾತು, ಅವರೂ ನಿಮ್ಮ ಪತ್ರಿಕೆ ಓದುತ್ತಾರೆ. ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗುತ್ತೇವೆ. ಒಳ್ಳೆಯದೇ. ಯುವಕರು ಒಂದೇ ಬಣ್ಣದ ಅಂಗಿ ತೊಟ್ಟು ದೂರದ ಹಳ್ಳಿಗೆ ಮಿಷನ್ ಪ್ರವಾಸ ಹೋಗಿ ಫೋಟೋ ತೆಗೆದು ಬರುತ್ತಾರೆ. ನಮ್ಮದೇ ಬೀದಿಯಲ್ಲಿ, ದೇವಾಲಯದ ಗಂಟೆ ಕೇಳುವಷ್ಟು ಹತ್ತಿರ, ಒಬ್ಬರು ಆರು ತಿಂಗಳಿಂದ ಸೂರ್ಯನನ್ನು ನೋಡಿರಲಿಲ್ಲ. ಮಂಚವನ್ನು ಕಿಟಕಿಯ ಬಳಿ ಸರಿಸಲು ಇಬ್ಬರು ಗಂಡಸರು ಬೇಕಾಗಿತ್ತು. ಸಿಗಲು ಹನ್ನೊಂದು ದಿನ ಹಿಡಿಯಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೆ ಬರೆಯಲೇಬೇಕು.

ನಿಮ್ಮ ಲೇಖನದಲ್ಲಿ ಇನ್ನೊಂದು ಸಾಲಿದೆ. 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಮೋಗ್ಲಿಂಗರು ಜರ್ಮನಿಗೆ ಮರಳಬೇಕಾಯಿತು, ‘ಅಲ್ಲಿಗೆ ಅವರ ಮಿಷನ್ ಕೊನೆಗೊಂಡಿತು’ ಎಂದು. ಕಾಯಿಲೆಯ ಹೆಂಡತಿಗಾಗಿ, ಇಪ್ಪತ್ನಾಲ್ಕು ವರ್ಷದ ಕೆಲಸ ಬಿಟ್ಟು ಹಡಗು ಹತ್ತಿದ್ದು ಯಾವ ಲೆಕ್ಕಕ್ಕೆ ಸೇರುತ್ತದೆ, ಹೇಳಿ. ಮನೆಯಲ್ಲಿ ಅತ್ತೆಯ ಮಲಮೂತ್ರ ತೆಗೆಯುತ್ತಿರುವ ಸೊಸೆಯಂದಿರನ್ನು, ಕೆಲಸ ಬಿಟ್ಟು ಅಪ್ಪನನ್ನು ನೋಡಿಕೊಳ್ಳುತ್ತಿರುವ ಮಕ್ಕಳನ್ನು ನಾನು ವಾರಕ್ಕೆ ಐದು ದಿನ ನೋಡುತ್ತೇನೆ. ಅವರಲ್ಲಿ ಕ್ರೈಸ್ತರು ಕೆಲವರು, ಉಳಿದವರು ಎಲ್ಲ ಜಾತಿ ಧರ್ಮದವರು. ಅವರು ಮಾಡುತ್ತಿರುವುದನ್ನು ನನ್ನ ದೇವರು ನೋಡುತ್ತಾನೆ ಎಂದು ನಾನು ಪೂರ್ತಿ ನಂಬಿದ್ದೇನೆ.

ನನ್ನ ಕೋರಿಕೆ ಇಷ್ಟೇ. ಬರುವ ವರ್ಷ ಜುಲೈ 1ರಂದು ಮತ್ತೆ ಮೋಗ್ಲಿಂಗರ ಬಗ್ಗೆ ಬರೆಯಿರಿ, ‘ಮುಗಿದರೂ’ ಎಂದು ಮಾತ್ರ ಬರೆಯಬೇಡಿ. ಜೊತೆಗೆ ಪ್ರತಿ ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ತಂಡಗಳು ಯಾವುವು ಎಂದು ವಿಚಾರಿಸಿ, ಒಂದು ಮೂಲೆಯಲ್ಲಿ ಹಾಕಿ. ಅಂಥ ತಂಡಗಳಿಗೆ ಬೇಕಿರುವುದು ದುಡ್ಡಿಗಿಂತ ಜನ. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು, ಯಾವ ಧರ್ಮದವರಾದರೂ ಸರಿ, ಧರ್ಮ ಬೇಡ ಎನ್ನುವವರಾದರೂ ಸರಿ. ಮಗ್ಗುಲು ಬದಲಿಸುವುದನ್ನು, ಬಾಯಿ ಶುಚಿ ಮಾಡುವುದನ್ನು ಅರ್ಧ ದಿನದಲ್ಲಿ ಕಲಿಸಿಕೊಡುತ್ತೇವೆ. ಬರುವವರು ಉಗುರು ಕತ್ತರಿಸಿಕೊಂಡು ಬರಲಿ. ಬಳೆ, ಉಂಗುರ, ಕೈಗಡಿಯಾರ ಮನೆಯಲ್ಲೇ ಇರಲಿ. ಮುದುಕರ ಚರ್ಮ ತೆಳು, ಸುಮ್ಮನೆ ತಾಗಿದರೂ ಗೀರುತ್ತದೆ.

ವಂದನೆಗಳೊಂದಿಗೆ,
ಒಬ್ಬ ನಿವೃತ್ತ ನರ್ಸ್,
ಬಲ್ಮಠ, ಮಂಗಳೂರು